ತಗ್ಗಿನ ನೆಲದ ಬಲ

‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂಬುದು ಕನ್ನಡದ ಗಾದೆ. ಲೋಕಾನುಭವದಿಂದ ಹುಟ್ಟಿದ ಈ ಮಾತನ್ನು ನೆನೆಯುತ್ತ ಪ್ರಾಚೀನ ಚೀನಾದ ತತ್ತ್ವವಿಚಾರವನ್ನು ಓದುವವರಿಗೆ ಮೊದಲು ಅಚ್ಚರಿಯೂ ಅನಂತರ ಅನುಮಾನವೂ ಉಂಟಾಗುವುದು ಸಹಜ. ಬಾಗುವುದರಲ್ಲಿ, ಸ್ವೀಕರಿಸುವುದರಲ್ಲಿ, ತಗ್ಗಿನಲ್ಲಿ ನಿಲ್ಲುವುದರಲ್ಲಿ ಬಲವಿದೆಯೆಂದು ಆ ಪರಂಪರೆ ಹೇಳುತ್ತದೆ. ಆದರೆ ಅದು ಯಾರನ್ನು ಕುರಿತು ಆಡಿದ ಮಾತು? ಇದನ್ನು ವಿಚಾರಿಸದೆ ಆ ತತ್ತ್ವವನ್ನು ಹೊಗಳುವುದಾಗಲಿ ತೆಗಳುವುದಾಗಲಿ ತರವಲ್ಲ.

‘ಯಿನ್’ ಎಂದರೆ ಮೂಲದಲ್ಲಿ ಬೆಟ್ಟದ ನೆರಳಿನ ಮಗ್ಗುಲು. ‘ಯಾಂಗ್’ ಎಂದರೆ ಬಿಸಿಲಿನ ಮಗ್ಗುಲು. ಬೆಟ್ಟ ಒಂದೇ, ಹೊತ್ತು ಸರಿದಂತೆ ನೆರಳೂ ಸರಿಯುತ್ತದೆ. ಇಲ್ಲಿ ಮೇಲು ಕೀಳಿನ ಸೋಂಕಿಲ್ಲ. ‘ಯೀಜಿಂಗ್’ ಗ್ರಂಥದ 64 ರೇಖಾಕೃತಿಗಳಲ್ಲಿ ಎರಡನೆಯದಾದ ‘ಕುನ್’ ಭೂಮಿಯ ಸಂಕೇತ. ಸ್ವೀಕಾರಗುಣದ ಈ ಆಕೃತಿಗೆ ಹೇಳಲಾದ ಪ್ರಾಣಿ ಹೆಣ್ಣು ಕುದುರೆ. ಕುದುರೆ ದುರ್ಬಲ ಪ್ರಾಣಿಯಲ್ಲ. ಬಹುದೂರ ಸಾಗಬಲ್ಲ ಪ್ರಾಣಿ. ಲಾವೋತ್ಸುವಿನದೆಂದು ಹೇಳುವ, 81 ಅಧ್ಯಾಯಗಳ ‘ದಾವ್ ದ ಜಿಂಗ್’ ಗಾಲಿಯ ಗುಂಬದ ತೂತು, ಮಡಕೆಯ ಒಳಗಿನ ಬಯಲು, ಕೋಣೆಯ ಬಾಗಿಲು ಕಿಟಕಿಗಳನ್ನು ತೋರಿಸಿ, ಇವುಗಳ ಉಪಯೋಗವಿರುವುದು ಖಾಲಿಯಲ್ಲಿಯೇ ಎಂದು ನೆನಪಿಸುತ್ತದೆ.

ಈ ವಿವೇಕ ಬರಿಯ ಗ್ರಂಥದ್ದಲ್ಲ. ಕ್ರಿ.ಪೂ. 3ನೆಯ ಶತಮಾನದಲ್ಲಿ ಲೀ ಬಿಂಗ್ ಎಂಬ ಅಧಿಕಾರಿ ಸಿಚುವಾನ್ ಸೀಮೆಯ ಮಿನ್ ನದಿಗೆ ದುಜಿಯಾಂಗ್‌ಯಾನ್ ನೀರಾವರಿಯನ್ನು ಕಟ್ಟಿಸಿದನು. ಆ ಮೂಲ ಯೋಜನೆಯಲ್ಲಿ ನದಿಗೆ ಅಡ್ಡಲಾಗಿ ಅಣೆಕಟ್ಟಿಲ್ಲ. ಬಿದಿರಿನ ಬುಟ್ಟಿಗಳಲ್ಲಿ ಕಲ್ಲು ತುಂಬಿ, ಮೀನಿನ ಬಾಯಿಯಂಥ ಒಂದು ದಿಬ್ಬವನ್ನು ಹೊಳೆಯ ನಡುವೆ ನಿಲ್ಲಿಸಿ, ಪ್ರವಾಹವನ್ನು ಎರಡಾಗಿ ಸೀಳಲಾಯಿತು. ಒಂದು ಕವಲು ಹೊಲಗಳಿಗೆ. ಮತ್ತೊಂದು ಕವಲು ನೆರೆಯ ನೀರಿಗೆ. ಚೆಂಗ್ಡು ಬಯಲು ಇಂದಿಗೂ ಆ ನೀರನ್ನುಣ್ಣುತ್ತಿದೆ. ಆದರೆ ಅದಕ್ಕಾಗಿ ಬೆಟ್ಟದ ಬಂಡೆಯನ್ನು ಸೀಳಬೇಕಾಯಿತು, ಕಾಲಕಾಲಕ್ಕೆ ಹೂಳೆತ್ತಬೇಕಾಯಿತು. ಮೃದುತ್ವವೆಂದರೆ ಕೈಕಟ್ಟಿ ಕೂಡುವುದಲ್ಲ. ತೈಚಿ ಅಭ್ಯಾಸದಲ್ಲಿ ಇಬ್ಬರು ಎದುರುಬದುರಾಗಿ ನಿಂತು ಕೈಗೆ ಕೈ ತಾಗಿಸಿ ಎದುರಾಳಿಯ ಒತ್ತಡವನ್ನು ‘ಆಲಿಸು’ವುದನ್ನು ಕಲಿಯುತ್ತಾರೆ. ಅಲ್ಲಿಯೂ ಬಾಗುವವನು ಎಚ್ಚರವಾಗಿಯೇ ಇರಬೇಕು.

ಇಷ್ಟನ್ನು ಒಪ್ಪಿದ ಮೇಲೂ ಗಾದೆಯ ಪ್ರಶ್ನೆ ಉಳಿಯುತ್ತದೆ. ಹಾನ್ ರಾಜವಂಶದ ಕಾಲಕ್ಕೆ ಬೆಟ್ಟದ ನೆರಳು ಮನುಷ್ಯರ ಮೇಲೆ ಬಿತ್ತು. ದೊಂಗ್ ಝೊಂಗ್‌ಷುವಿನ ಹೆಸರಿನಲ್ಲಿರುವ ಗ್ರಂಥದಲ್ಲಿ ಯಾಂಗ್ ಶ್ರೇಷ್ಠವೂ ಯಿನ್ ಕನಿಷ್ಠವೂ ಆಯಿತು; ಅರಸ, ತಂದೆ, ಗಂಡ ಯಾಂಗ್ ಎನಿಸಿದರು; ಮಂತ್ರಿ, ಮಗ, ಹೆಂಡತಿ ಯಿನ್ ಎನಿಸಿದರು. ಅಣ್ಣ ಬಾನ್ ಗೂ ಅಪೂರ್ಣವಾಗಿ ಬಿಟ್ಟುಹೋದ ಹಾನ್ ಇತಿಹಾಸವನ್ನು ಪೂರ್ತಿಗೊಳಿಸಿದ ವಿದುಷಿ ಬಾನ್ ಝಾವ್ ಕೂಡ ಹೆಣ್ಣುಮಕ್ಕಳಿಗಾಗಿ ಬರೆದ ಉಪದೇಶದಲ್ಲಿ ವಿನಯವನ್ನೂ ವಿಧೇಯತೆಯನ್ನೂ ಬೋಧಿಸಿದಳು. ಹೆಣ್ಣುಮಕ್ಕಳಿಗೂ ಅಕ್ಷರ ಕಲಿಸಬೇಕೆಂದು ಅದೇ ಕೃತಿಯಲ್ಲಿ ವಾದಿಸಿದಳೆಂಬುದನ್ನೂ ಮರೆಯಲಾಗದು. ಆದರೂ ಮುಂದಿನ ತಲೆಮಾರುಗಳು ಎತ್ತಿ ಹಿಡಿದದ್ದು ವಿಧೇಯತೆಯ ಪಾಠವನ್ನೇ.

ಲಾವೋತ್ಸುವಿನ ಗ್ರಂಥ ಆಡುವ ಮಾತಿನ ದಿಕ್ಕೇ ಬೇರೆ. ನೂರಾರು ಕಣಿವೆಗಳ ನೀರಿಗೆ ಕಡಲು ಒಡೆಯನಾದದ್ದು ಅವುಗಳಿಗಿಂತ ತಗ್ಗಿನಲ್ಲಿರುವುದರಿಂದ ಎಂಬ ವಿಚಾರವನ್ನು ಅದು ಹೇಳುವುದು ಜನರನ್ನು ಆಳುವವರ ಸಂದರ್ಭದಲ್ಲಿ. ದೊಡ್ಡ ರಾಜ್ಯವೂ ಹೊಳೆಯ ಕೆಳಪಾತ್ರದಂತೆ ತಗ್ಗಿರಬೇಕೆಂಬುದು ಅದರ ನಿಲುವು. ಎಂದರೆ, ಗಾದೆ ನೊಂದವನ ಬೆನ್ನನ್ನು ಕುರಿತು ಮಾತನಾಡಿದರೆ, ಈ ಗ್ರಂಥ ಗುದ್ದಲು ಎತ್ತಿದ ಕೈಯನ್ನು ಕುರಿತು ಮಾತನಾಡುತ್ತದೆ. ಎರಡಕ್ಕೂ ವಿರೋಧವಿಲ್ಲ. ಬಲವುಳ್ಳವನು ತಾನಾಗಿ ತಗ್ಗಿದರೆ ಅದು ಗುಣ. ಬಲವಿಲ್ಲದವನನ್ನು ತಗ್ಗಿಸಿ ಅದನ್ನೇ ಗುಣವೆಂದು ಕರೆದರೆ ಅದು ಅನ್ಯಾಯ.

‘ದಾವ್ ದ ಜಿಂಗ್’ ಯು. ಆರ್. ಅನಂತಮೂರ್ತಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅದನ್ನು ಅವಶ್ಯವಾಗಿ ಓದಬೇಕು. ಓದುವಾಗ ಪ್ರತಿ ಪುಟದಲ್ಲಿಯೂ ಈ ಮಾತು ಯಾರಿಗೆ ಎಂದು ಕೇಳಿಕೊಳ್ಳಬೇಕು. ತಾಳ್ಮೆಯನ್ನು ಬೋಧಿಸುವ ಯಾವ ಗ್ರಂಥಕ್ಕಾದರೂ, ಅದು ಕನ್ನಡದ್ದೇ ಆಗಿರಲಿ, ಈ ಪ್ರಶ್ನೆ ಸಲ್ಲುತ್ತದೆ.