ಹೊರಗಿಟ್ಟವರೇ ತೋರಿದ ದಾರಿ

ಸಾಲೋಟಗಿ, ಇಂಡಿ, ಸಿಂದಗಿ ಸೀಮೆಯ ನಮಗೆ ಸಾಂಗಲಿ, ಮೀರಜಗಳು ಪರಸ್ಥಳಗಳಲ್ಲ. ದೊಡ್ಡ ಬೇನೆ ಬಂದಾಗ ಮೀರಜಿನ ದವಾಖಾನೆಗೆ ಹೋಗುವುದು ಹಿರಿಯರ ಕಾಲದಿಂದ ನಡೆದುಬಂದ ರೂಢಿ. ಕಬ್ಬು ಕಡಿಯುವ ದಿನಗಳಲ್ಲಿ ನಮ್ಮ ಭಾಗದ ಎಷ್ಟೋ ಕುಟುಂಬಗಳು ಮಹಾರಾಷ್ಟ್ರದ ಕಡೆಗೆ ಸಾಗುತ್ತವೆ. ಅದೇ ಹಾದಿಯಲ್ಲಿ ಹೋಗಿ, ಮರಳಿ ತವರಿನ ಹೊಸ್ತಿಲು ತುಳಿಯಲಾರದೆ ಉಳಿದ ಹೆಣ್ಣುಮಕ್ಕಳೂ ಇದ್ದಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಡ ಕುಟುಂಬಗಳಲ್ಲಿ ಹುಟ್ಟಿ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸಾಂಗಲಿಯ ಗೋಕುಳನಗರದಂತಹ ಓಣಿಗಳನ್ನು ಸೇರಿದವರು ಅವರು. ಅವರಲ್ಲಿ ಅನೇಕರ ಮಾತು ಕನ್ನಡವೇ. ಅವರ ನಡುವೆ ಬೆಳೆದ ಒಂದು ಸಂಸ್ಥೆಯ ಚರಿತ್ರೆಯನ್ನು ಈ ಸಲ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ನಮ್ಮ ದೇಶದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ, ವೇಶ್ಯಾವೃತ್ತಿಯ ಹೆಂಗಸರ ರಕ್ತಪರೀಕ್ಷೆಯಿಂದ. ಅಂದಿನಿಂದ ಆ ಬೇನೆಯ ಹೆಸರಿನೊಡನೆ ಈ ಹೆಂಗಸರ ಹೆಸರೂ ಅಂಟಿಕೊಂಡಿತು. ಅವರಿಂದಲೇ ರೋಗ ಹಬ್ಬುತ್ತಿದೆಯೆಂದು ಊರೆಲ್ಲ ಆಡಿಕೊಂಡಿತೇ ಹೊರತು, ಅವರಿಗೆ ಆ ರೋಗ ಎಲ್ಲಿಂದ ಬಂದಿತೆಂದು ಕೇಳಿದವರು ವಿರಳ. ಮುಂದೆ ಕರ್ನಾಟಕ ಹಾಗೂ ಮಹಾರಾಷ್ಟ್ರಗಳೆರಡೂ ಸೋಂಕು ಹೆಚ್ಚಾಗಿರುವ 6 ರಾಜ್ಯಗಳ ಪಟ್ಟಿಯಲ್ಲಿ ಸೇರಿದವು. ಬಸುರಿ ಹೆಂಗಸರಲ್ಲಿಯೇ ಸೋಂಕು ಶೇಕಡಾ 1ನ್ನು ಮೀರಿದ ರಾಜ್ಯಗಳವು. ಬೇನೆಯು ಓಣಿಯನ್ನು ದಾಟಿ ಗೃಹಸ್ಥರ ಮನೆಯೊಳಗೆ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

1992ರಲ್ಲಿ ಮೀನಾ ಶೇಷು ಮತ್ತು ಅವರ ಸಂಗಡಿಗರು ಸಾಂಗಲಿಯಲ್ಲಿ ‘ಸಂಗ್ರಾಮ’ ಎಂಬ ಸಂಸ್ಥೆಯ ಕೆಲಸವನ್ನು ಆರಂಭಿಸಿದರು. ಸಂಪದಾ ಗ್ರಾಮೀಣ ಮಹಿಳಾ ಸಂಸ್ಥೆ ಎಂಬುದು ಅದರ ಪೂರ್ಣ ಹೆಸರು. ಹೊರಗಿನಿಂದ ಬಂದು ಉಪದೇಶ ಮಾಡುವವರ ಮಾತನ್ನು ಆ ಓಣಿಯ ಹೆಂಗಸರು ನಂಬುವಂತಿರಲಿಲ್ಲ. ಆದುದರಿಂದ ಉಪದೇಶದ ಹೊಣೆಯನ್ನು ಅವರಿಗೇ ಒಪ್ಪಿಸಲಾಯಿತು. ಓಣಿಯ ಹೆಂಗಸರೇ ಮನೆಮನೆಗೆ ನಿರೋಧ್ ಹಂಚಿದರು, ಬೇನೆಯ ಬಗೆಯನ್ನು ತಿಳಿಸಿಹೇಳಿದರು. ನಿರೋಧ್ ಒಲ್ಲೆನೆಂಬ ಗಿರಾಕಿಯನ್ನು ಒಬ್ಬಳು ಹಿಂದೆ ಕಳಿಸಿದರೆ ಅವನು ನೆರೆಮನೆಗೆ ಹೋಗುತ್ತಾನೆ. ಎಲ್ಲರೂ ಒಕ್ಕಟ್ಟಾಗಿ ಕಳಿಸಿದರೆ ಮಾತ್ರ ದಾರಿಗೆ ಬರುತ್ತಾನೆ. ಈ ಸರಳ ಸತ್ಯವೇ ಸಂಘಟನೆಗೆ ಬುನಾದಿಯಾಯಿತು. 1996ರಲ್ಲಿ ಅವರದೇ ಆದ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್’ ಹುಟ್ಟಿತು. ವ್ಯಾಂಪ್ ಎಂದು ಅದು ಪ್ರಸಿದ್ಧವಾಗಿದೆ. ಬೈಗುಳವಾಗಿದ್ದ ಶಬ್ದವನ್ನೇ ಅವರು ತಲೆಯೆತ್ತಿ ಹೆಸರಾಗಿ ಇಟ್ಟುಕೊಂಡರು. ತಮ್ಮೊಳಗಿನ ಜಗಳ ತಂಟೆಗಳನ್ನು ಬಗೆಹರಿಸುವ ಸಮಿತಿಗಳನ್ನೂ ಮಾಡಿಕೊಂಡರು. ರೋಗಿಗಳನ್ನು ಮುಟ್ಟಲೂ ಜನ ಅಂಜುತ್ತಿದ್ದ ಆ ಕಾಲದಲ್ಲಿ, ತಮ್ಮವರ ಆರೈಕೆಗೆ ತಾವೇ ನಿಂತರು.

ಈ ದಾರಿ ಸುಗಮವಾಗಿರಲಿಲ್ಲ. ಸಾಂಗಲಿಯಲ್ಲಿಯೂ ನಮ್ಮ ನಿಪ್ಪಾಣಿಯಲ್ಲಿಯೂ ಈ ಕಾರ್ಯಕರ್ತೆಯರು ಅನುಭವಿಸಿದ ಕಿರುಕುಳವನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2002ರ ಜುಲೈಯಲ್ಲಿ ವರದಿ ಮಾಡಿತು. 2003ರಲ್ಲಿ ಅಮೇರಿಕೆಯು ಒಂದು ಕಾನೂನು ಮಾಡಿ, ಏಡ್ಸ್ ಕಾರ್ಯಕ್ಕೆ ತನ್ನ ಹಣ ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯನ್ನು ವಿರೋಧಿಸುವುದಾಗಿ ಬರೆದುಕೊಡಬೇಕೆಂದಿತು. ಯಾರ ನಡುವೆ ಕೆಲಸ ಮಾಡಬೇಕೋ ಅವರನ್ನೇ ಅಲ್ಲಗಳೆದು ಕಾಗದಕ್ಕೆ ಸಹಿ ಹಾಕಲು ಸಂಗ್ರಾಮ ಒಪ್ಪಲಿಲ್ಲ. 2005ರಲ್ಲಿ ಆ ಹಣವನ್ನೇ ತೊರೆಯಿತು. ಅದೇ ವರ್ಷ ಬ್ರೆಜಿಲ್ ದೇಶವೂ ಇದೇ ಷರತ್ತಿಗಾಗಿ ಅಮೇರಿಕೆಯ ನೆರವನ್ನು ಬೇಡವೆಂದಿತು.

ಈ ವೃತ್ತಿಯ ವಿಷಯದಲ್ಲಿ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಷತ್ತಿನೊಡನೆ ಸಹಮತವಿರಲಿಕ್ಕಿಲ್ಲ. ಮುತ್ತು ಕಟ್ಟುವ ಪದ್ಧತಿ ಅಳಿಯಲೇಬೇಕೆಂಬುದು ನಮ್ಮ ನಿಶ್ಚಿತ ಅಭಿಪ್ರಾಯ. ಕರ್ನಾಟಕವು 1982ರಲ್ಲಿಯೇ ಅದನ್ನು ನಿಷೇಧಿಸುವ ಕಾನೂನನ್ನು ಮಾಡಿದೆ. ಆದರೆ ಪದ್ಧತಿಯನ್ನು ಹಳಿಯುವುದು ಬೇರೆ, ಅದಕ್ಕೆ ಬಲಿಯಾದವಳನ್ನು ಹಳಿಯುವುದು ಬೇರೆ. ಹನ್ನೆರಡನೆಯ ಶತಮಾನದ ವಚನಕಾರ್ತಿಯರ ಸಾಲಿನಲ್ಲಿ ಸೂಳೆ ಸಂಕವ್ವೆಯ ಹೆಸರೂ ಇದೆ ಎಂಬುದನ್ನು ಬಾಗೇವಾಡಿಯ ಸೀಮೆಯವರಾದ ನಾವು ಮರೆಯಲಾಗದು.

ನಮ್ಮ ಜಿಲ್ಲೆಯಲ್ಲಿಯೂ ಇಂತಹ ಕಾರ್ಯ ನಡೆದಿದೆ. ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆ ಹಾಗೂ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಕೂಡಿ 2003ರಲ್ಲಿ ಸ್ಥಾಪಿಸಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಿಜಯಪುರ, ಬಾಗಲಕೋಟೆಗಳಲ್ಲಿ ಕೆಲಸ ಮಾಡಿತು. 2012ರಿಂದ ಕೆಲವು ವರ್ಷ ‘ಸಮತಾ’ ಎಂಬ ಕಾರ್ಯಕ್ರಮದ ಮೂಲಕ ಪರಿಶಿಷ್ಟ ಕುಟುಂಬಗಳ ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಉಳಿಸುವ ಪ್ರಯತ್ನವನ್ನೂ ನಡೆಸಿತು.

ಔಷಧದ ಸ್ಥಿತಿಯಂತೂ ಪೂರ್ಣ ಬದಲಾಗಿದೆ. 2004ರ ಏಪ್ರಿಲ್‌ನಿಂದ ಸರಕಾರವು ಎಚ್‌ಐವಿ ಗುಳಿಗೆಗಳನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿದರೆ ಬಹುಕಾಲ ದುಡಿದು ಬಾಳಬಹುದು. ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದು ಹಾಗೆಯೇ ಉಳಿದರೆ ದಾಂಪತ್ಯದಿಂದ ಇನ್ನೊಬ್ಬರಿಗೆ ಸೋಂಕು ತಗಲುವುದಿಲ್ಲ. ಔಷಧವಿಲ್ಲದಿದ್ದಾಗ ತಾಯಿಯಿಂದ ಕೂಸಿಗೆ ಸೋಂಕು ತಗಲುವ ಸಂಭವ ಶೇಕಡಾ 15ರಿಂದ 45ರವರೆಗೆ ಇತ್ತು. ಸಕಾಲದ ಔಷಧದಿಂದ ಅದು ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಸಂದೇಹವಿದ್ದವರು 1097ಕ್ಕೆ ಫೋನು ಮಾಡಿ ಉಚಿತವಾಗಿ ವಿಚಾರಿಸಬಹುದು.

ಗುಳಿಗೆ ಬಂದಿದೆ, ಆದರೆ ಗಂಡ ತೀರಿಕೊಂಡ ಮೇಲೆ ಸೊಸೆಯ ತಾಟು, ತಂಬಿಗೆಗಳನ್ನು ಬೇರೆ ಇಟ್ಟು, ಕೊನೆಗೆ ಅವಳನ್ನೇ ತವರಿಗೆ ಅಟ್ಟುವ ಕೆಟ್ಟ ಚಾಳಿಗೆ ದವಾಖಾನೆಯಲ್ಲಿ ಮದ್ದಿಲ್ಲ. ಕೂಡಿ ಉಣ್ಣುವುದರಿಂದ, ಒಂದೇ ಕೊಡದ ನೀರು ಕುಡಿಯುವುದರಿಂದ ಈ ಸೋಂಕು ತಗಲುವುದಿಲ್ಲ. 2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಕಾನೂನು ಈ ಸೋಂಕಿನ ಕಾರಣದಿಂದ ಶಾಲೆ, ಕೆಲಸ, ಚಿಕಿತ್ಸೆಗಳನ್ನು ನಿರಾಕರಿಸುವುದನ್ನು ನಿಷೇಧಿಸಿದೆ. ಸೋಂಕಿತ ಹೆಂಗಸಿಗೂ ಹದಿನೆಂಟು ತುಂಬದ ಮಕ್ಕಳಿಗೂ ಕುಟುಂಬದ ಮನೆಯಲ್ಲಿಯೇ ವಾಸಿಸುವ ಹಕ್ಕನ್ನು ಕೊಟ್ಟಿದೆ. ಸೊಸೆಯನ್ನು ಹೊರಹಾಕುವುದು ನೀತಿಗೆ ಮಾತ್ರವಲ್ಲ, ಕಾನೂನಿಗೂ ವಿರುದ್ಧವೆಂದು ಪ್ರತಿಯೊಬ್ಬ ಅತ್ತೆ, ಮಾವ, ಮೈದುನರೂ ತಿಳಿದಿರಬೇಕು.

ಇನ್ನು ಮಕ್ಕಳ ಮಾತು. ಈ ಹೆಂಗಸರ ಮಕ್ಕಳಿಗಾಗಿ ‘ಮಿತ್ರಾ’ ಎಂಬ ವಸತಿಗೃಹ ನಿಪ್ಪಾಣಿಯಲ್ಲಿ ತಲೆಯೆತ್ತಿತು. ಪರಸ್ಥಳದ ಮಕ್ಕಳಿಗೆ ನೆರಳು ಕೊಡುವುದು ನಮ್ಮ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಸಾಲೋಟಗಿಯಲ್ಲಿ ಕಟ್ಟಿಸಿದ ಶಾಲೆಯಲ್ಲಿ ದೂರದೂರದ ವಿದ್ಯಾರ್ಥಿಗಳು ಇಳಿದುಕೊಳ್ಳಲು 27 ಮನೆಗಳಿದ್ದವೆಂದು ಕ್ರಿ.ಶ. 945ರ ಶಾಸನ ಹೇಳುತ್ತದೆ. ಊರಿನ ಬ್ರಾಹ್ಮಣ ಮನೆತನಗಳು ಮದುವೆಗೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯದಂತೆ ಅದಕ್ಕೆ ಕಾಣಿಕೆ ಸಲ್ಲಿಸುತ್ತಿದ್ದರು. ತಮ್ಮ ಮನೆಯ ಮಂಗಲಕಾರ್ಯದಲ್ಲಿ ಪರರ ಮಕ್ಕಳ ಪಾಲನ್ನು ತೆಗೆದಿಟ್ಟ ಊರಿದು. ಎಚ್‌ಐವಿಯಿಂದ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ನಮ್ಮ ಓಣಿಯಲ್ಲಿದ್ದರೆ, ಅವರ ಪುಸ್ತಕಕ್ಕೆ, ಬಟ್ಟೆಗೆ ನಮ್ಮ ಮದುವೆಯ ಖರ್ಚಿನಲ್ಲಿ ಒಂದು ಪಾಲು ಇರಲಿ. ಅದಕ್ಕಿಂತ ಮೊದಲು, ನಮ್ಮ ಮಕ್ಕಳ ಪಂಕ್ತಿಯಲ್ಲಿಯೇ ಅವರಿಗೂ ಎಲೆ ಹಾಕೋಣ.