ದಂ ಇರೋ ಬೇಸ್ ಬೇಕಾ? ಮೊದಲು ಕಿವಿ ಮುಚ್ಚಿ!

ಹಬ್ಬದ ಸೇಲ್ ಶುರುವಾಯ್ತು ಅಂದ್ರೆ ಸಾಕು, ನನ್ನ ವಾಟ್ಸಾಪಿಗೆ ಒಂದೇ ಥರದ ಮೆಸೇಜುಗಳು ಬರೋಕೆ ಶುರುವಾಗ್ತವೆ. "ಮಗಾ, ಬೇಸ್ ಚೆನ್ನಾಗಿರೋ ಹೆಡ್‌ಫೋನ್ ಯಾವ್ದು? ಎರಡೂವರೆ ಸಾವಿರದೊಳಗೆ ಹೇಳು." ಆಫೀಸಿನ ಗೆಳೆಯರು, ಊರಲ್ಲಿರೋ ಚಿಕ್ಕಪ್ಪನ ಮಗ, ಪಿಜಿಯಲ್ಲಿದ್ದಾಗಿನ ರೂಮ್‌ಮೇಟ್, ಎಲ್ಲರದೂ ಇದೇ ಪ್ರಶ್ನೆ. ಇಂಜಿನಿಯರಿಂಗ್ ಓದಿದವನು ಅಂದ್ಮೇಲೆ ಮಿಕ್ಸಿ ರಿಪೇರಿಯಿಂದ ಹಿಡಿದು ಹೆಡ್‌ಫೋನ್‌ವರೆಗೆ ಎಲ್ಲಾ ಗೊತ್ತಿರಲೇಬೇಕು ಅನ್ನೋದು ನಮ್ಮವರ ಗಟ್ಟಿ ನಂಬಿಕೆ. ಒಬ್ಬೊಬ್ಬರಿಗೂ ಟೈಪ್ ಮಾಡಿ ಬೆರಳು ಸವೆಸೋ ಬದಲು ಈ ಸಲ ಇಲ್ಲೇ ಬರೆದುಬಿಡ್ತೀನಿ.

ಮಾಡೆಲ್ ಹೆಸರು ಮಾತ್ರ ಹೇಳಲ್ಲ. ಇವತ್ತು ಹೇಳಿದ ಮಾಡೆಲ್ ಆರು ತಿಂಗಳಿಗೆ ಹಳೇದಾಗಿರುತ್ತೆ. ಆದ್ರೆ ಬೇಸ್ ಅನ್ನೋದು ಎಲ್ಲಿಂದ ಬರುತ್ತೆ, ಎಲ್ಲಿ ಸೋರಿಹೋಗುತ್ತೆ ಅಂತ ಗೊತ್ತಿದ್ರೆ ಯಾವ ಅಂಗಡಿಗೆ ಹೋದ್ರೂ, ಯಾವ ಆ್ಯಪ್ ತೆರೆದ್ರೂ ನೀವೇ ಆರಿಸಿಕೊಳ್ಳಬಹುದು.

ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತೆ. ಇದರಲ್ಲಿ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿರೋದನ್ನ ಬೇಸ್ ಅಂತೀವಿ. ಅದರಲ್ಲೂ 60 ಹರ್ಟ್ಸ್‌ಗಿಂತ ಕೆಳಗಿನದು ಸಬ್-ಬೇಸ್. ಡೊಳ್ಳು ಕುಣಿತದವರು ಹತ್ತಿರ ಬಂದಾಗ ಎದೆಯೊಳಗೆ 'ಧಂ' ಅನ್ನುತ್ತಲ್ಲ, ಆ ಥರ. ಕೇಳೋದಕ್ಕಿಂತ ಮೈಗೆ ತಾಕೋದೇ ಜಾಸ್ತಿ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮಿಡಿದರೆ ಬರೋದು ಸುಮಾರು 41 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರಿಗೆ ಇದನ್ನ ನುಡಿಸೋ ತಾಕತ್ತಿಲ್ಲ. ಅದು ಮೇಲಿನ ಸ್ವರಾಂಶಗಳನ್ನಷ್ಟೇ ನುಡಿಸುತ್ತೆ, ಕೆಳಗಿನದನ್ನ ನಮ್ಮ ಮೆದುಳು ಊಹಿಸಿಕೊಳ್ಳುತ್ತೆ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳನ್ನ ಒಮ್ಮೆ ಫೋನ್ ಸ್ಪೀಕರಿನಲ್ಲಿ, ಇನ್ನೊಮ್ಮೆ ಒಳ್ಳೆ ಹೆಡ್‌ಫೋನಿನಲ್ಲಿ ಕೇಳಿ. ಇಳಯರಾಜ ಬೇಸ್ ಗಿಟಾರಿಗೆ ಎಷ್ಟು ಕೆಲಸ ಕೊಟ್ಟಿದ್ದಾರೆ ಅನ್ನೋದು ಆಗ ತಿಳಿಯುತ್ತೆ. ಬೇಸ್ ಬೇಕು ಅನ್ನೋದು ಬರೀ ಡಿಜೆ ಹಾಡಿನವರ ಆಸೆ ಅಲ್ಲ, ಹಾಡಿನ ಅರ್ಧ ಪಾಯ ಇರೋದೇ ಅಲ್ಲಿ.

ಈಗ ಡಬ್ಬದ ಮೇಲೆ ಬರೆದಿರೋದಕ್ಕೆ ಬರೋಣ. '20 ಹರ್ಟ್ಸ್ – 20,000 ಹರ್ಟ್ಸ್' ಅಂತ ಮುನ್ನೂರು ರೂಪಾಯಿಯದರ ಮೇಲೂ ಇರುತ್ತೆ, ಮೂವತ್ತು ಸಾವಿರದ್ದರ ಮೇಲೂ ಇರುತ್ತೆ. 20 ಹರ್ಟ್ಸ್ ಎಷ್ಟು ಜೋರಾಗಿ ಬರುತ್ತೆ ಅನ್ನೋದನ್ನ ಹೇಳದೆ ಇದ್ರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಡ್ರೈವರ್ ಸೈಜಿನ ಕಥೆಯೂ ಅಷ್ಟೇ. 50 ಎಂಎಂ ಡ್ರೈವರ್ ಇರೋ ದೊಡ್ಡ ಹೆಡ್‌ಫೋನ್‌ಗಿಂತ 10 ಎಂಎಂ ಡ್ರೈವರಿನ ಪುಟ್ಟ ಇಯರ್‌ಫೋನ್ ಹೆಚ್ಚು ಆಳದ ಬೇಸ್ ಕೊಡಬಹುದು. ಅದ್ಹೇಗೆ ಅಂತೀರಾ? ಇಲ್ಲೇ ಇರೋದು ಗುಟ್ಟು.

ಮನೆಯ ಕುಕ್ಕರ್ ನೋಡಿ. ಗ್ಯಾಸ್ಕೆಟ್ ಸಡಿಲ ಆಗಿದ್ರೆ ಎಷ್ಟು ಹೊತ್ತು ಒಲೆ ಮೇಲಿಟ್ರೂ ವಿಷಲ್ ಬರಲ್ಲ. ಬೆಂಕಿ ಕಮ್ಮಿ ಇದೆ ಅಂತಲ್ಲ, ಆವಿ ಸೋರಿಹೋಗ್ತಿದೆ. ಬೇಸ್ ಕೂಡ ಹೀಗೇ. ಡ್ರೈವರಿನ ತೆಳು ಪರದೆ ಹಿಂದೆ ಮುಂದೆ ಆಡಿ, ನಿಮ್ಮ ಕಿವಿ ಮತ್ತು ಹೆಡ್‌ಫೋನ್ ನಡುವೆ ಸಿಕ್ಕಿಕೊಂಡಿರೋ ಗಾಳಿಯನ್ನ ಒತ್ತುತ್ತೆ. ಎಲ್ಲಾದರೂ ಸಣ್ಣ ಸಂದಿ ಇದ್ರೆ ನಿಧಾನ ಕಂಪನದ ಬೇಸ್ ಮೊದಲು ಅಲ್ಲಿಂದ ಜಾರಿಕೊಳ್ಳುತ್ತೆ. ಜಾಲರಿ, ತಾಳದಂಥ ಚುರುಕು ಸದ್ದಿಗೆ ಆ ಸಂದಿಯಿಂದ ಅಷ್ಟೇನೂ ನಷ್ಟ ಇಲ್ಲ. ಅದಕ್ಕೇ ಸರಿಯಾಗಿ ಕೂರದ ಇಯರ್‌ಫೋನ್ 'ಚಿರ್‌ಚಿರ್' ಅನ್ನೋದು.

ಸುಲಭದ ಪರೀಕ್ಷೆ ಒಂದಿದೆ. ಹಾಡು ಹಾಕಿಕೊಂಡು ಎರಡೂ ಇಯರ್‌ಫೋನನ್ನ ಬೆರಳಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಬೇಸ್ ಧಿಡೀರ್ ಜಾಸ್ತಿ ಆಯ್ತಾ? ಹಾಗಾದ್ರೆ ಇಷ್ಟು ದಿನ ಸೋರಿಹೋಗ್ತಿತ್ತು ಅಂತಲೇ ಅರ್ಥ. ಡಬ್ಬದಲ್ಲಿ ಬರೋ ಸಣ್ಣ, ಮಧ್ಯಮ, ದೊಡ್ಡ ರಬ್ಬರ್ ಟಿಪ್ಪುಗಳನ್ನ ಎಷ್ಟೋ ಜನ ಮುಟ್ಟೋದೇ ಇಲ್ಲ. ಮೂರನ್ನೂ ಹಾಕಿ ನೋಡಿ. ಎಡಗಿವಿಗೆ ಒಂದು ಸೈಜು, ಬಲಗಿವಿಗೆ ಇನ್ನೊಂದು ಬೇಕಾಗಬಹುದು. ಎರಡೂ ಕಿವಿ ಒಂದೇ ಅಚ್ಚಿನಲ್ಲಿ ಹೊಯ್ದವಲ್ಲ. ಫೋಮ್ ಟಿಪ್ಪು ಇನ್ನೂ ಚೆನ್ನಾಗಿ ಮುಚ್ಚುತ್ತೆ. ಕಿವಿಯ ಹೊರಗೆ ತೂಗಾಡೋ, ರಬ್ಬರ್ ಇಲ್ಲದ ವಿನ್ಯಾಸದವು ಹಗುರವಾಗಿರುತ್ತವೆ ನಿಜ, ಬೇಸ್ ಪ್ರಿಯರಿಗೆ ಅವು ಆಗಿಬರಲ್ಲ.

ಇಡೀ ಕಿವಿ ಮುಚ್ಚೋ ಹೆಡ್‌ಫೋನ್ ತಗೊಳ್ಳೋರು ಕನ್ನಡಕ ಹಾಕ್ತೀರಾದ್ರೆ ಅದನ್ನ ಹಾಕ್ಕೊಂಡೇ ಪರೀಕ್ಷೆ ಮಾಡಿ. ಕನ್ನಡಕದ ಕಡ್ಡಿ ಮತ್ತು ಕುಶನ್ ಮಧ್ಯೆ ಬರೋ ಸಂದಿ ಸಾಕು, ಬೇಸ್ ಸೊರಗೋಕೆ. ಮೆತ್ತನೆಯ, ದಪ್ಪ ಕುಶನ್ ಇದ್ರೆ ಆ ಸಂದಿ ತುಂಬಿಕೊಳ್ಳುತ್ತೆ. ಹಿಂಬದಿ ತೆರೆದಿರೋ ಓಪನ್-ಬ್ಯಾಕ್ ಹೆಡ್‌ಫೋನ್ ಸಭಾಂಗಣದಲ್ಲಿ ಕೂತ ಹಾಗೆ ವಿಶಾಲವಾಗಿ ಕೇಳಿಸುತ್ತೆ, ಆದ್ರೆ ಸಬ್-ಬೇಸ್ ಸಾಮಾನ್ಯವಾಗಿ ಕಮ್ಮಿ. ನಿಮಗೆ ಬೇಕಿರೋದು ಕ್ಲೋಸ್ಡ್-ಬ್ಯಾಕ್.

ಹಾಗಂತ ಬೇಸ್ ಎಷ್ಟಿದ್ದರೂ ಒಳ್ಳೇದು ಅಂತಲ್ಲ. ತಗ್ಗು ಸದ್ದಿಗೆ ತನಗಿಂತ ಮೇಲಿನ ಸದ್ದನ್ನ ಮುಚ್ಚಿಹಾಕೋ ಗುಣ ಇದೆ. 150ರಿಂದ 300 ಹರ್ಟ್ಸ್ ಸುತ್ತಮುತ್ತ ಉಬ್ಬಿಸಿಟ್ಟ ಹೆಡ್‌ಫೋನಿನಲ್ಲಿ ಎಸ್.ಪಿ.ಬಿ. ದನಿ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿರುತ್ತೆ. ಅಗ್ಗದ 'ಎಕ್ಸ್‌ಟ್ರಾ ಬೇಸ್' ಮಾಲುಗಳಲ್ಲಿ ಹೆಚ್ಚಾಗಿ ಆಗೋದು ಇದೇ: ಆಳ ಇಲ್ಲ, ಗದ್ದಲ ಇದೆ. ಜೆಬಿಎಲ್, ಎಕೆಜಿ ಬ್ರ್ಯಾಂಡುಗಳ ಮಾತೃ ಕಂಪನಿ ಹರ್ಮನ್‌ನಲ್ಲಿ ಶಾನ್ ಆಲಿವ್ ಮತ್ತವರ ತಂಡ ಕೇಳುಗರನ್ನ ಕೂರಿಸಿ ಪರೀಕ್ಷೆ ಮಾಡಿದಾಗ, ಹೆಚ್ಚಿನವರಿಗೆ ಹಿಡಿಸಿದ್ದು ಬೇಸ್ ಸ್ವಲ್ಪ ಎತ್ತಿದ, ದನಿ ಮಾತ್ರ ತಿಳಿಯಾಗಿಯೇ ಉಳಿದ ಸದ್ದು. ಆನ್‌ಲೈನ್ ರಿವ್ಯೂಗಳಲ್ಲಿ ಫ್ರೀಕ್ವೆನ್ಸಿ ಗ್ರಾಫ್ ಹಾಕಿದ್ರೆ ಎಡಗಡೆಯ ಭಾಗ ನೋಡಿ. ಗೆರೆ ತೀರಾ ಎಡಕ್ಕೂ ಎತ್ತರದಲ್ಲೇ ಇದ್ದು, 250 ಹರ್ಟ್ಸ್ ಹತ್ತಿರ ಬರೋ ಹೊತ್ತಿಗೆ ಇಳಿದಿದ್ರೆ ಅದು ಒಳ್ಳೆ ಬೇಸ್. 400ರ ತನಕ ಗುಡ್ಡದ ಹಾಗೆ ಉಬ್ಬಿದ್ರೆ ಬಿಟ್ಟುಬಿಡಿ.

ಇಷ್ಟೆಲ್ಲಾ ಯಾಕೆ, ವಾಲ್ಯೂಮ್ ಏರಿಸಿದ್ರೆ ಬೇಸ್ ತಾನಾಗೇ ಬರುತ್ತಲ್ಲ ಅಂತ ನೀವು ಕೇಳಬಹುದು. ಬರುತ್ತೆ. ತೊಂದರೆ ಶುರುವಾಗೋದೂ ಅಲ್ಲಿಂದಲೇ.

ಕಡಿಮೆ ವಾಲ್ಯೂಮಿನಲ್ಲಿ ನಮ್ಮ ಕಿವಿ ಬೇಸ್ ವಿಷಯದಲ್ಲಿ ಸ್ವಲ್ಪ ಮಂದ. ಇದನ್ನ 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 1000 ಹರ್ಟ್ಸ್‌ನ ಸದ್ದು 40 ಡೆಸಿಬೆಲ್‌ನಲ್ಲಿ ಎಷ್ಟು ಜೋರು ಅನ್ನಿಸುತ್ತೋ, 50 ಹರ್ಟ್ಸ್‌ನ ಸದ್ದು ಅಷ್ಟೇ ಜೋರು ಅನ್ನಿಸಬೇಕಾದ್ರೆ ಸುಮಾರು 78 ಡೆಸಿಬೆಲ್ ಬೇಕು. ಇದರ ಮೇಲೆ ಬಸ್ಸು, ಮೆಟ್ರೋ. ಇಂಜಿನ್ನಿನ ಗುಂಯ್ ಅನ್ನೋ ಸದ್ದು ಇರೋದೇ ಬೇಸಿನ ಜಾಗದಲ್ಲಿ. ಮೊದಲೇ ಸೋರಿದ ಬೇಸ್ ಅದರಲ್ಲಿ ಪೂರ್ತಿ ಮುಳುಗುತ್ತೆ. ಕೈ ಸೀದಾ ವಾಲ್ಯೂಮ್ ಬಟನ್ನಿಗೆ ಹೋಗುತ್ತೆ.

ಆದ್ರೆ ವಾಲ್ಯೂಮ್ ಬಟನ್ ಬೇಸನ್ನ ಮಾತ್ರ ಏರಿಸಲ್ಲ, ಎಲ್ಲವನ್ನೂ ಏರಿಸುತ್ತೆ. ಜೋರು ಸದ್ದಿನಿಂದ ಕಿವಿ ಮೊದಲು ಸೋಲೋದು ಸಾಮಾನ್ಯವಾಗಿ 3000ದಿಂದ 6000 ಹರ್ಟ್ಸ್ ಜಾಗದಲ್ಲಿ. ಅಂದ್ರೆ ನಾವು ಬೇಸಿಗೋಸ್ಕರ ಏರಿಸ್ತೀವಿ, ದಂಡ ಕಟ್ಟೋದು ಮೇಲಿನ ಸ್ವರಗಳು. 'ಸ', 'ಶ', 'ಫ'ದಂಥ ಅಕ್ಷರಗಳ ಸ್ಪಷ್ಟತೆ ಇರೋದು ಆ ಎತ್ತರದ ಸದ್ದಿನಲ್ಲೇ. ಅದು ಹೋದವರಿಗೆ ಮಾತು ಕೇಳಿಸುತ್ತೆ, ಪದ ಗೊತ್ತಾಗಲ್ಲ. ಒಳಗಿವಿಯ ಕೂದಲುಕೋಶ ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಇದಕ್ಕೆ ಬ್ಯಾಕಪ್ ಇಲ್ಲ, ರಿಸ್ಟೋರ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬೆಲ್‌ನಲ್ಲಾದ್ರೆ ವಾರಕ್ಕೆ 40 ಗಂಟೆ. 90 ಡೆಸಿಬೆಲ್‌ಗೆ ಏರಿಸಿದ್ರೆ ವಾರಕ್ಕೆ ಬರೀ 4 ಗಂಟೆ. ದಿನಾ ಒಂದು ಗಂಟೆ ಹೋಗಿ, ಒಂದು ಗಂಟೆ ಬರೋರಿಗೆ ಆ 4 ಗಂಟೆ ಮಂಗಳವಾರವೇ ಮುಗಿದುಹೋಗುತ್ತೆ!

ಹಾಗಾಗಿ ಬೇಸ್ ಹೆಡ್‌ಫೋನ್ ಆರಿಸೋದು ಅಂದ್ರೆ, ಕಮ್ಮಿ ವಾಲ್ಯೂಮಿನಲ್ಲೂ ಬೇಸ್ ಉಳಿಯೋ ಹೆಡ್‌ಫೋನ್ ಆರಿಸೋದು. ಮನೆಯಲ್ಲೇ ಕೇಳೋರಾದ್ರೆ ಚೆನ್ನಾಗಿ ಮುಚ್ಚೋ ವೈರ್ ಇಯರ್‌ಫೋನ್ ಸಾಕು. ಎರಡು ಸಾವಿರದೊಳಗೇ ಒಳ್ಳೊಳ್ಳೆಯವು ಸಿಗ್ತವೆ. ಫೋನಿನಲ್ಲಿ ಜ್ಯಾಕ್ ಇಲ್ಲದಿದ್ರೆ ಟೈಪ್-ಸಿ ಅಡಾಪ್ಟರ್ ಬೇಕು. ದಿನಾ ಬಸ್ಸು, ಮೆಟ್ರೋ ಹತ್ತೋರಾದ್ರೆ ಸ್ವಲ್ಪ ಹೆಚ್ಚು ಖರ್ಚು ಮಾಡಿ, ಎಎನ್‌ಸಿ ಇರೋದನ್ನ ತಗೊಳ್ಳಿ. ಅದು ಹೊರಗಿನ ಸದ್ದನ್ನ ಮೈಕಿನಲ್ಲಿ ಹಿಡಿದು, ಅದರ ತದ್ವಿರುದ್ಧ ಅಲೆ ಸೃಷ್ಟಿಸಿ ಅಳಿಸಿಹಾಕೋ ವ್ಯವಸ್ಥೆ. ಇಂಜಿನ್ನಿನಂಥ ತಗ್ಗು ಸದ್ದಿನ ಮೇಲೇ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಗಲಾಟೆ ಇಳಿದ ಮೇಲೆ ಅರ್ಧ ವಾಲ್ಯೂಮಿನಲ್ಲೇ ಬೇಸ್ ತಲೆ ಎತ್ತುತ್ತೆ. ರಸ್ತೆ ದಾಟುವಾಗ ಮಾತ್ರ ಆಫ್ ಮಾಡಿ, ದಯವಿಟ್ಟು.

ಇನ್ನೂ ಬೇಕು ಅನ್ನಿಸಿದ್ರೆ ಈಕ್ವಲೈಜರ್ ಇದ್ದೇ ಇದೆ. ಅದರಲ್ಲೂ ಒಂದು ಜಾಣತನ ಇದೆ: 60 ಹರ್ಟ್ಸ್ ಗುಂಡಿಯನ್ನ ತುದಿಗೆ ಏರಿಸಬೇಡಿ, ಸದ್ದು ಒಡೆಯುತ್ತೆ. ಮಿಕ್ಕಿದ್ದನ್ನೆಲ್ಲ ಮೂರ್ನಾಲ್ಕು ಡೆಸಿಬೆಲ್ ಇಳಿಸಿ. ಬೇಸ್ ಎದ್ದು ಕಾಣುತ್ತೆ, ಒಟ್ಟು ಜೋರೂ ತಗ್ಗುತ್ತೆ.

ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಅವರ ಡೆಮೊ ಹಾಡು ಬೇಡ, ನಿಮಗೆ ಬಾಯಿಪಾಠ ಆಗಿರೋ ಹಾಡು ಹಾಕಿ. ಜೊತೆಗೆ ಒಂದು ಮೃದಂಗದ ತನಿ ಆವರ್ತನ. ಮೃದಂಗದ ಎಡಭಾಗಕ್ಕೆ ಕಲಸಿದ ರವೆ ಹಚ್ಚೋದೇ ನಾದ ತಗ್ಗಲಿ ಅಂತ. ಒಳ್ಳೆ ಹೆಡ್‌ಫೋನಿನಲ್ಲಿ ಆ ಎಡಗೈಯ ಗುಂಕಾರ ದುಂಡಗೆ ಬಂದು ನಿಲ್ಲುತ್ತೆ, ಬಲಗೈಯ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತೆ. ಎರಡೂ ಕಲಸಿಕೊಂಡು ಗೊಜ್ಜಾದ್ರೆ ಆ ಡಬ್ಬ ವಾಪಸ್ ಕೊಡಿ. ಬ್ಲೂಟೂತ್‌ನದಾದ್ರೆ ಆಫೀಸಿನ ಕಾಲ್ ನಡೀತಿರುವಾಗ ಪರೀಕ್ಷೆ ಬೇಡ. ಮೈಕ್ ಆನ್ ಆದಾಗ ಅದು ಫೋನ್ ಕಾಲಿನ ಮೋಡ್‌ಗೆ ಜಾರಿ ಎಂಥಾ ಹೆಡ್‌ಫೋನೂ ಡಬ್ಬಾ ರೇಡಿಯೋ ಆಗುತ್ತೆ. ಆನ್‌ಲೈನ್‌ನಲ್ಲಿ ತಗೊಳ್ಳೋ ಮುಂಚೆ ರಿಟರ್ನ್ ಷರತ್ತು ಓದಿ; ಕಿವಿಯೊಳಗೆ ಹಾಕೋ ವಸ್ತುಗಳನ್ನ ಎಷ್ಟೋ ಕಡೆ ವಾಪಸ್ ತಗೊಳ್ಳಲ್ಲ.

ಕೊನೆಯದು. ಆರಿಸಿದ್ದು ಸರಿಯಿದೆಯಾ ಅಂತ ತಿಳಿಯೋಕೆ ವಾಲ್ಯೂಮ್ ಏರಿಸಬೇಡಿ, ಇಳಿಸಿ. ಅರ್ಧಕ್ಕಿಂತ ಕೆಳಗೆ ತಂದ ಮೇಲೂ ಬೇಸ್ ಗಿಟಾರ್ ಯಾವ ಸ್ವರದಲ್ಲಿ ನಡೀತಿದೆ ಅಂತ ಹಿಂಬಾಲಿಸೋಕೆ ಆಗ್ತಿದ್ರೆ, ಕಣ್ಮುಚ್ಚಿ ದುಡ್ಡು ಕೊಡಿ.