ಸಹಿಗೆ ಮುನ್ನ ವಕೀಲರಿಗೆ ತೋರಿಸಿ

ಪುಸ್ತಕಗಳಿಗೆ ಮುಖಪುಟ ರಚಿಸುವುದು ನನ್ನ ಕಸುಬು. ಸಂಸ್ಥೆಯೊಂದು ಕಳಿಸಿದ ಕರಾರುಪತ್ರದಲ್ಲಿ ‘ಎಲ್ಲ ಹಕ್ಕುಗಳೂ, ಜಗತ್ತಿನಾದ್ಯಂತ, ಶಾಶ್ವತವಾಗಿ’ ಎಂದಿತ್ತು. ನನ್ನ ವಕೀಲೆ ಆ ಸಾಲನ್ನು ಹೊಡೆದುಹಾಕಿ, ‘ಈ ಪುಸ್ತಕಕ್ಕೆ ಮಾತ್ರ, 5 ವರ್ಷ’ ಎಂದು ಬರೆದುಕೊಟ್ಟರು. ಸಂಸ್ಥೆ ಒಪ್ಪಿತು. ಈಗ ಅದೇ ಚಿತ್ರವನ್ನು ಕ್ಯಾಲೆಂಡರಿಗೂ ಬಟ್ಟೆ ಚೀಲಕ್ಕೂ ನಾನೇ ಮಾರುತ್ತಿದ್ದೇನೆ.

1957ರ ಕೃತಿಸ್ವಾಮ್ಯ ಕಾಯ್ದೆ ಕಲಾವಿದರ ಕೈಹಿಡಿಯುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎನ್ನುತ್ತದೆ 19ನೇ ಸೆಕ್ಷನ್. ಆದರೆ ‘ಶಾಶ್ವತ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಿಬಿಟ್ಟರೆ ಆ ಅವಧಿಯ ರಕ್ಷಣೆ ಸಿಗದು. ಹಾಗಾಗಿ ವ್ಯಾಜ್ಯ ಹುಟ್ಟುವ ಮೊದಲೇ ವಕೀಲರು ಬೇಕು.

ಶುಲ್ಕಕ್ಕೆ ಅಂಜಿ ಹಿಂಜರಿಯುವವರು ನಮ್ಮಲ್ಲಿ ಬಹಳ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳು ಕೃತಿಸ್ವಾಮ್ಯ ಬಲ್ಲ ವಕೀಲರನ್ನು ತಿಂಗಳಿಗೊಂದು ದಿನವಾದರೂ ಕೂರಿಸಲಿ. ಇಳಕಲ್ಲಿನ ನೇಕಾರರಿಗೆ, ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳಿಗೆ, ಹಾಡು ಕಟ್ಟುವ ಹುಡುಗರಿಗೆ ಅದರಿಂದ ನೇರ ಉಪಯೋಗವಿದೆ. ಸಾಲ, ಸಬ್ಸಿಡಿ ಕೊಡುವ ಸರ್ಕಾರ ಕರಾರು ಓದಿ ಹೇಳುವವರನ್ನೂ ಒದಗಿಸಬೇಕು.